ಸೆರಗಿನ ಮೇಲಿನ ಸಣಕಲು ಆನೆ

ನಮ್ಮ ಪಕ್ಕದ ಮನೆಯ ಬಡಗಿ ಯಾರ ಬಳಿಯೂ ಚಿತ್ರ ಕಲಿತವನಲ್ಲ. ಚಿತ್ರ ನೋಡಿದರೇ ಅದು ಗೊತ್ತಾಗುತ್ತಿತ್ತು, ಆದರೂ ಅದನ್ನೇ ಹೆಮ್ಮೆಯಿಂದ ಹೇಳಿಕೊಂಡು ತಿರುಗುತ್ತಿದ್ದ. ಪಟ್ಟಣದ ಬೀದಿಯಲ್ಲಿ ದಿನವೂ ದಂಡಿನ ಫಿರಂಗಿ ಎಳೆಯುವ ಆನೆಗಳು ಹೋಗುತ್ತಿದ್ದವು. ಅವನು ಅವುಗಳತ್ತ ತಲೆಯೆತ್ತಿಯೂ ನೋಡದೆ, ತನ್ನ ಹೊರಗೋಡೆಗೆ ಕೆಮ್ಮಣ್ಣಿನಲ್ಲಿ ಅದ್ದಿದ ದಾರ ಮಿಡಿದು ಚೌಕ ಹಾಕಿ, ಒಂದೇ ಮಗ್ಗುಲಲ್ಲಿ ಎರಡು ಕಣ್ಣಿರುವ ಗುಂಡನೆಯ ಆನೆ ಬರೆದ. ನಾನು ಚಿನ್ನ ತೂಗಿ ಲೆಕ್ಕ ಬರೆಯುವವನು; ತಿಥಿಯ ಸಮೇತ ಎರಡು ಕಣ್ಣನ್ನೂ ನನ್ನ ಲೆಕ್ಕದ ಕಡತದಲ್ಲಿ ಬರೆದುಕೊಂಡೆ.

ಆ ಆನೆಯನ್ನು ಮೆಚ್ಚಿದವಳು ನನ್ನ ಅಕ್ಕನ ಅತ್ತೆ. ಅಕ್ಕನಿಗೆ ಮದುವೆಯಾಗಿದ್ದರೂ ನಾಗಮಂಗಲದ ಗಂಡನ ಮನೆಗೆ ಇನ್ನೂ ಕರೆಸಿಕೊಂಡಿರಲಿಲ್ಲ. ಮಾಘದಲ್ಲಿ ಒಂದು ನೆಪ, ವೈಶಾಖದಲ್ಲಿ ಇನ್ನೊಂದು. ಈ ಸಲ ಬಂದವಳು ಗೋಡೆಯ ಮುಂದೆ ನಿಂತು, "ಇದ್ನ ಇದ್ದಂಗೇ ನಿನ್ ಸೆರಗಿನ ಮ್ಯಾಲೆ ನೀನೇ ಹೊಲಿ. ದೀಪಾವಳಿಗೆ ಬತ್ತೀನಿ. ಸರಿಯಾಗಿದ್ರೆ ಕರ್ಕೊಂಡೋಯ್ತೀನಿ," ಎಂದಳು.

ಬಟ್ಟೆಯ ಎಳೆ ಎಣಿಸಿ, ಉದ್ದ ಎರಡು ಅಡ್ಡ ಎರಡು ಎಳೆಗಳ ಮೇಲೆ ಕತ್ತರಿಯ ಆಕಾರದ ಹೊಲಿಗೆ ಹಾಕುವುದನ್ನು ಅಕ್ಕ ಧಾರವಾಡದ ಕಡೆಯ ನೆರೆಯಾಕೆಯಿಂದ ಕಲಿತಿದ್ದಳು. ಬಡಗಿ ಹಲಗೆಯ ಮೇಲೆ ಚೌಕ ಗೀರಿ ಆನೆಯನ್ನು ಇಳಿಸಿಕೊಟ್ಟ. ಒಂದು ಚೌಕಕ್ಕೆ ಒಂದು ಕತ್ತರಿ ಹೊಲಿಗೆ.

"ಮಾವ, ಈ ಬಟ್ಟೇಲಿ ಉದ್ದದೆಳೆ ಒತ್ತಾಗವೆ, ಅಡ್ಡದೆಳೆ ಬಿಡಿಯಾಗವೆ. ಆನೆ ಎತ್ತರಕ್ಕೆ ಎಳ್ಕೊಂಬುಡ್ತದೆ," ಎಂದೆ ಬಡಗಿಗೆ.

"ನೀನು ಚಿನ್ನ ತೂಗ್ಕೊಂಡಿರ್ಲಾ. ಚಿತ್ರ ನಂಗೆ ಬುಡು."

ಅಕ್ಕನೂ ಅವನನ್ನೇ ನಂಬಿದಳು. ಆಷಾಢದಲ್ಲಿ ಹಿಡಿದ ಸೂಜಿಯನ್ನು ದೀಪಾವಳಿಗೆ ಮೂರು ದಿನವಿರುವಾಗ ಕೆಳಗಿಟ್ಟಳು. ಸೆರಗು ಬಿಡಿಸಿದರೆ ಹೊಟ್ಟೆಯಿಲ್ಲದ, ಕಾಲೇ ಕಾಲಿನ, ಸಂತೆಯಲ್ಲಿ ಮಾರಾಟವಾಗದ ಮೇಕೆಯಂಥ ಪ್ರಾಣಿ. ಬಿಚ್ಚಿ ಹೊಲಿಯಲು ದಿನವಿರಲಿಲ್ಲ. ಅಕ್ಕ ಅದನ್ನು ಮಡಿಸಿಟ್ಟು ಒಲೆಯ ಮುಂದೆ ಹೋಗಿ ಕೂತಳು. ಅವತ್ತು ಊಟ ಮಾಡಲಿಲ್ಲ.

ಬಡಗಿ ಬಂದು ನೋಡಿದ. "ಬಟ್ಟೆ ಸರಿ ಇಲ್ಲ ಕಣ್ಲಾ," ಎಂದು ಸೆರಗನ್ನು ಕೇಳಿ ಒಯ್ದ.

ಹಬ್ಬಕ್ಕೆ ಬೀದಿಯೆಲ್ಲ ಸುಣ್ಣ ಹೊಡೆಯುತ್ತಿತ್ತು. ಅವನೂ ಹೊಡೆದ, ತನ್ನ ಆನೆಯ ಮೇಲೆಯೇ. ಮರುದಿನ ಸೆರಗನ್ನು ಎದುರಿಗೆ ನೇತುಹಾಕಿಕೊಂಡು, ಹೊಲಿಗೆ ಎಣಿಸುತ್ತ, ಗೋಡೆಗೆ ಆ ಸಣಕಲನ್ನೇ ಬರೆಯತೊಡಗಿದ. ಎರಡು ಕಣ್ಣನ್ನು ಮಾತ್ರ ಬಿಡಲಿಲ್ಲ.

"ಕೆಟ್ಟಿದ್ನ ನೋಡ್ಕೊಂಡು ಬರೀತಿದ್ದೀಯಲ್ಲ ಮಾವ?"

"ಮೊದ್ಲಿಂದ್ಲೂ ಇಂಗೇ ಇತ್ತು ಕಣ್ಲಾ. ನೀನು ನೋಡಿರ್ನಿಲ್ಲ."

ಅತ್ತೆ ಬಂದಳು. ಸೆರಗನ್ನು ಗೋಡೆಗೆ ಹಿಡಿದು ಕಣ್ಣು ಕಿರಿದು ಮಾಡಿದಳು.

"ಆಗ ಒಸಿ ದಪ್ಪಕಿತ್ತಲ್ವಾ?"

"ಇಲ್ಲ ಕಣವ್ವ. ನಿಮ್ ಸೊಸೆ ಒಂದೆಳೆ ತಪ್ಪಿಲ್ಲ," ಎಂದ ಬಡಗಿ.

ತಾನು ಮೆಚ್ಚಿದ ಆನೆ ಹೇಗಿತ್ತೆಂದು ತನಗೇ ನೆನಪಿಲ್ಲ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. "ನಾನೂ ಅದೇ ಅಂದ್ಕೊಂಡೆ," ಎಂದಳು. ಮರುದಿನ ಬೆಳಿಗ್ಗೆ ಗಾಡಿ ಕಟ್ಟಿಸಿದಳು.

ಹೊರಡುವಾಗ ಅಕ್ಕ ಬಡಗಿಯ ಕಾಲು ಮುಟ್ಟಿ ನಮಸ್ಕರಿಸಿದಳು. ತನ್ನ ಹೆಸರು ಉಳಿಸಿಕೊಳ್ಳಲು ಗೋಡೆ ಬದಲಿಸಿದವನಿಗೆ ಅಷ್ಟು ಮರ್ಯಾದೆ ಬೇಕಿರಲಿಲ್ಲ ಎನಿಸಿತು ನನಗೆ. ಈಗ ಬೀದಿಯ ಹೆಣ್ಣುಮಕ್ಕಳು ಗೋಡೆಯ ಸಣಕಲು ಆನೆಯನ್ನು ಎಳೆ ಎಣಿಸಿ ತಮ್ಮ ಸೆರಗಿಗೆ ಇಳಿಸಿಕೊಳ್ಳುತ್ತಿದ್ದಾರೆ. ಬಟ್ಟೆಯ ಮೇಲೆ ಅದು ಇನ್ನಷ್ಟು ಉದ್ದವಾಗುತ್ತದೆ. ಹೇಳಲು ನಾನು ಹೋಗಿಲ್ಲ.