ಚುಕ್ಕಾಣಿ ಎಷ್ಟನೇ ವರ್ಗ?

ಸಮುದ್ರ ಮನುಷ್ಯನಿಗೆ ವಿನಯ ಕಲಿಸುತ್ತದೆ. ನನಗೆ ಮಾತ್ರ ಇಷ್ಟು ವರ್ಷಗಳಲ್ಲಿ ಎಕ್ಸೆಲ್ ಶೀಟ್ ತುಂಬುವುದನ್ನು ಬಿಟ್ಟು ಬೇರೇನನ್ನೂ ಕಲಿಸಲಿಲ್ಲ.

ನಾನು ಸರಕು ಹಡಗಿನ ಎಲೆಕ್ಟ್ರಿಕಲ್ ಅಧಿಕಾರಿ. ಈ ಸಲ ರಜೆಗೆ ಶಹಾಪುರಕ್ಕೆ ಬಂದ ಮೂರನೇ ದಿನವೇ ಮುಂಬೈ ಕಚೇರಿಯಿಂದ ಪಟ್ಟಿ ಬಂತು. ಹಡಗಿನ ಒಂದೊಂದು ಕಂಪ್ಯೂಟರೂ ಕೆಟ್ಟರೆ, ಅಥವಾ ಹೊರಗಿನವನು ಒಳಹೊಕ್ಕು ಕೆಡಿಸಿದರೆ, ಜೀವಕ್ಕೆಷ್ಟು ಅಪಾಯ ಎಂದು ನೋಡಿ ವರ್ಗ ಹಚ್ಚಬೇಕು. ಅಪಾಯವಿಲ್ಲದ್ದು ಒಂದನೇ ವರ್ಗ, ನಿಧಾನಕ್ಕೆ ಅಪಾಯ ತರುವುದು ಎರಡನೆಯದು, ತಕ್ಷಣ ತರುವುದು ಮೂರನೆಯದು. ಹಡಗು ಬಂದರು ಬಿಡುವುದರೊಳಗೆ ನನ್ನ ಸಹಿ ಬೇಕು.

ಹಡಗಿನಲ್ಲಿದ್ದವರು ಕರಡು ಮಾಡಿದ್ದರು. ಮೂರನೇ ವರ್ಗದ ಗೌರವ ಸಂದದ್ದು ಕ್ಯಾಪ್ಟನ್ನರ ಮೇಜಿನ ಕಂಪ್ಯೂಟರಿಗೆ. ಹಿರಿಯರದ್ದಲ್ಲವೇ, ಕೆಳಗೆ ಕೂಡಿಸಲಾದೀತೆ? ಅದರಲ್ಲಿ ಅವರು ಪತ್ರ ಬರೆಯುತ್ತಾರೆ, ಸಿನಿಮಾ ನೋಡುತ್ತಾರೆ. ಚುಕ್ಕಾಣಿ ತಿರುಗಿಸುವ ಕಂಪ್ಯೂಟರ್ ಎರಡನೇ ವರ್ಗದಲ್ಲಿ ಕೂತಿತ್ತು. ಸಾಲದ್ದಕ್ಕೆ, ವರದಿ ಪ್ರಿಂಟ್ ಮಾಡಲು ಅನುಕೂಲವೆಂದು ಯಾರೋ ಪುಣ್ಯಾತ್ಮರು ಎರಡೂ ಕಂಪ್ಯೂಟರ್‌ಗಳ ನಡುವೆ ತಂತಿ ಎಳೆದಿದ್ದರು. ಸಿನಿಮಾದ ಜೊತೆ ಬಂದ ವೈರಸ್ ನೇರ ಚುಕ್ಕಾಣಿಗೇ ಹೋಗಬಹುದು.

ಕ್ಯಾಪ್ಟನ್ನರದ್ದನ್ನು ಒಂದಕ್ಕಿಳಿಸಿ, ಚುಕ್ಕಾಣಿಯನ್ನು ಮೂರಕ್ಕೇರಿಸಿ, ತಂತಿ ಕೀಳಿರಿ ಎಂದು ಬರೆದೆ. ಕಚೇರಿಯ ಮೇಲಧಿಕಾರಿ ಫೋನ್ ಮಾಡಿದರು. ಮೂರನೆಯದಾದರೆ ತಪಾಸಕರೆದುರು ಪರೀಕ್ಷೆಯಾಗಬೇಕು, ಹಡಗು ಎರಡು ದಿನ ನಿಲ್ಲಬೇಕು. ಇಲ್ಲಿತನಕ ಏನೂ ಆಗಿಲ್ಲವಲ್ಲ ಎಂದರು. ಅಪಘಾತದ ಹಿಂದಿನ ದಿನ ಎಲ್ಲ ಹಡಗುಗಳ ದಾಖಲೆಯೂ ಹಾಗೆಯೇ ಇರುತ್ತದೆ ಎಂದೆ. ಫೋನ್ ಇಟ್ಟರು.

ಹಿಟ್ಟಿನ ಗಿರಣಿ ನಿಲ್ಲಿಸಿ ಊಟಕ್ಕೆ ಬಂದಿದ್ದ ಕಾಕಾ ಎಲ್ಲ ಕೇಳಿಸಿಕೊಂಡಿದ್ದರು.

"ಚುಕ್ಕಾಣಿ ಕೈಕೊಟ್ರ ಏನಾಗ್ತದಪಾ?"

"ಎದುರಿಗಿದ್ದದ್ದಕ್ಕ ಹೋಗಿ ಹೊಡಿತದರಿ ಕಾಕಾ. ಒಳಗ ಇಪ್ಪತ್ತು ಮಂದಿ ಇರ್ತಾರ."

"ಆ ಸಾಹೇಬ ಹಡಗ ಹತ್ತತಾನೇನು?"

"ಅಂವ ಯಾಕ ಹತ್ತತಾನ್ರಿ? ಮುಂಬೈದಾಗ ಏಳನೇ ಮಾಳಗಿ ಮ್ಯಾಲ ಕುಂತಾನ."

"ಹಂಗಾದ್ರ ಅಂವಗ ಅದು ಒಂದನೇ ವರ್ಗನ ಆಗಬೇಕಲ್ಲ? ಎರಡರಾಗ ಇಟ್ಟಾನಂದ್ರ ದೊಡ್ಡ ಮನಸ್ಸಿನಂವ ಬಿಡು. ಗಿರಣಿ ಬೆಲ್ಟಿಗಿ ಕೈ ಹಾಕಾಂವ ನಾನು, ಅದಕ್ಕ ನನಗದು ಮೂರನೇದು."

ಇಡೀ ನಿಯಮಾವಳಿಯನ್ನು ಕಾಕಾ ರೊಟ್ಟಿ ಮುರಿಯುತ್ತ ಮುಗಿಸಿದ್ದರು. ಕಚೇರಿಗೆ ಅದನ್ನು ಮನವರಿಕೆ ಮಾಡಲು ನನ್ನಿಂದಾಗಲಿಲ್ಲ. ಸುರಪುರದಲ್ಲಿ ಬೀಗರ ಮನೆಯ ಮದುವೆಯ ಪಂಕ್ತಿಯಿಂದೆದ್ದು, ನೆಟ್‌ವರ್ಕ್ ಸಿಗುವ ಮೂಲೆ ಹುಡುಕಿ, ಅದೇ ಮಾತನ್ನು ಮೂರನೇ ಸಲ ಮೇಲ್‌ನಲ್ಲಿ ಬರೆದೆ. ತಮ್ಮ ಸಲಹೆಯನ್ನು ಗಮನಿಸಲಾಗಿದೆ ಎಂದು ಒಂದು ಸಾಲಿನ ಉತ್ತರ ಬಂತು. ತಿರುಗಿ ಬರುವಷ್ಟರಲ್ಲಿ ನನ್ನ ಎಲೆ ಎತ್ತಿದ್ದರು.

ನಾನು ಸಹಿ ಹಾಕಲಿಲ್ಲ. ಕಚೇರಿಯವರೇ ಹಾಕಿಕೊಂಡರು. ಹಡಗು ಗೊತ್ತುಪಡಿಸಿದ ದಿನಕ್ಕೇ ಹೊರಟಿತು. ಚುಕ್ಕಾಣಿ ಎರಡನೇ ವರ್ಗದಲ್ಲಿದೆ, ತಂತಿಯನ್ನು ಕಿತ್ತಿಲ್ಲ.