ಸೋಮವಾರದ ಗುಳಿಗೆಗಳು

ಕನ್ನಡಕ ಇರಬೇಕಾದ ಡಬ್ಬಿಯಲ್ಲಿ ಗುಳಿಗೆಗಳಿದ್ದವು. ನಮ್ಮವರು ನ್ಯುಮೋನಿಯಾದಿಂದ ತೀರಿಕೊಂಡು ಒಂದು ತಿಂಗಳಾಗಿತ್ತು. ಅವರ ಅಂಗಿಗಳನ್ನು ಯಾರಿಗಾದರೂ ಕೊಡೋಣವೆಂದು ಕಪಾಟು ತೆಗೆದಾಗ ಬಟ್ಟೆಗಳ ಹಿಂದೆ ಆ ಹಳೆಯ ಡಬ್ಬಿ ಸಿಕ್ಕಿತು. ಸತ್ತವರ ವಸ್ತು ಮುಟ್ಟಿದರೆ ಅಳು ಬರುತ್ತದೆಂದು ಎಲ್ಲರೂ ಹೇಳಿದ್ದರು. ನನಗೆ ಬಂದದ್ದು ಗಾಬರಿ.

ಯಾಕೆಂದು ಹೇಳುತ್ತೇನೆ. ಕಳೆದ ವರ್ಷ ಒಂದು ಆಸ್ಪತ್ರೆಯವರು ಬಿ.ಪಿ. ಔಷಧಿಯ ಸಂಶೋಧನೆಗೆಂದು ಮುಂಬಯಿಯ ಮುಲುಂಡಿನ ನಮ್ಮ ಚಾಳಿಗೆ ಬಂದರು. ಮೊದಲು ಜನರ ಮಾತು ಕೇಳಬೇಕೆಂದು ಗಣಪತಿ ಕೂರಿಸುವ ಹಾಲ್‌ನಲ್ಲಿ ಸಭೆ ಕರೆದರು. "ನಮ್ಮನ್ನ ಇಲಿ ಮಾಡತಾರ" ಎನ್ನುತ್ತ ಅರ್ಧ ಜನ ಬಾಗಿಲಲ್ಲೇ ನಿಂತಿದ್ದರು. ದಾದರಿನ ಬಟ್ಟೆ ಅಂಗಡಿಯಲ್ಲಿ ಗುಮಾಸ್ತರಾಗಿ ನಿವೃತ್ತರಾಗಿದ್ದ ನಮ್ಮವರು ಎದ್ದು ಕೇಳಿದರು: "ಒಲ್ಲೆ ಅಂದ್ರ ನಮ್ಮ ಮಾಮೂಲಿ ಔಷಧ ನಿಲ್ಲಸ್ತೀರೇನ್ರಿ?" ಇಲ್ಲವೆಂದು ಡಾಕ್ಟರು ಎಲ್ಲರೆದುರು ಹೇಳಿದ ಮೇಲೆಯೇ ಕುಳಿತರು. ಆಮೇಲೆ ನಮ್ಮವರೇ ಒಪ್ಪಿಗೆ ಪತ್ರವನ್ನು ಮನೆಮನೆಗೆ ಒಯ್ದು ನಮ್ಮ ವಿಜಾಪುರದ ಮಾತಿನಲ್ಲಿ ಓದಿ ಹೇಳಿದರು. ಅವರ ಮುಖ ನೋಡಿ ಸಹಿ ಹಾಕಿದವರೇ ಹೆಚ್ಚು.

ಸಹಿ ಹಾಕಿದವರಿಗೆಲ್ಲ, ನಮ್ಮವರಿಗೂ, ದಿನಾ ನಾಷ್ಟಾ ಆದ ಮೇಲೆ ಒಂದು ಗುಳಿಗೆ, ಆಸ್ಪತ್ರೆಯವರು ಕೊಟ್ಟ ಪುಸ್ತಕದ ಚೌಕದಲ್ಲಿ ಒಂದು ರೈಟ್ ಗುರುತು. ಉಳಿದ ಗುಳಿಗೆಗಳನ್ನು ಆಸ್ಪತ್ರೆಯಿಂದ ತಿಂಗಳಿಗೊಮ್ಮೆ ಬರುವ ಹುಡುಗಿ ಸ್ನೇಹಲ್‌ಗೆ ಮರಳಿಸಬೇಕು. ಆದರೆ ಸೋಮವಾರ ಮತ್ತು ಏಕಾದಶಿ ನಮ್ಮವರು ದೀಪ ಹಚ್ಚುವವರೆಗೆ ಏನೂ ತಿನ್ನುತ್ತಿರಲಿಲ್ಲ. ನಾಷ್ಟಾ ಇಲ್ಲ, ಆದ್ದರಿಂದ ಗುಳಿಗೆಯೂ ಇಲ್ಲ. ರೈಟ್ ಗುರುತು ಮಾತ್ರ ಇತ್ತು. ಒಮ್ಮೆ ಗುರುತು ಹಾಕುತ್ತ ಅಂದಿದ್ದರು: "ಪಾಪ, ಆ ಹುಡುಗಿ ಬೊರಿವಲಿಯಿಂದ ದಾದರದಾಗ ಲೋಕಲ್ ರೈಲು ಬದಲಿಸಿ ಬರತೈತಿ. ಖಾಲಿ ಬಿಟ್ರ ಬೇಜಾರ ಮಾಡ್ಕೋತೈತಿ." ನಾನು ರೊಟ್ಟಿ ಬಡಿಯುತ್ತಿದ್ದೆ, ಕಿವಿಗೆ ಹಾಕಿಕೊಳ್ಳಲಿಲ್ಲ.

ಪಕ್ಕದ ಮನೆಯ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸದೆ ಒಂದು ತುಂಡು ಬೆಲ್ಲವನ್ನಾದರೂ ಇಟ್ಟು ಕೊಡುವ ಜನ ನಾವು. ಅಂಥವರ ಕೈಯಲ್ಲಿ ಚೌಕಗಳ ಪುಸ್ತಕ ಕೊಟ್ಟರೆ ಒಂದನ್ನಾದರೂ ಬರಿದು ಬಿಟ್ಟೇವೇ, ನೀವೇ ಹೇಳಿ. ಗುಳಿಗೆ ಬಿಸಾಡಲು ಮನಸ್ಸು ಬಾರದೆ ನಮ್ಮವರು ಡಬ್ಬಿಯಲ್ಲಿಟ್ಟು, ಖಾಲಿ ಸ್ಟ್ರಿಪ್‌ಗಳನ್ನಷ್ಟೇ ಮರಳಿಸಿದ್ದರು.

ಎರಡು ದಿನ ಡಬ್ಬಿಯನ್ನು ದಿಂಬಿನ ಕೆಳಗಿಟ್ಟುಕೊಂಡೆ. ಹೇಳಿದರೆ, ಅವರನ್ನು ನಂಬಿ ಸಹಿ ಹಾಕಿದವರು ಅವರನ್ನು ಸುಳ್ಳುಗಾರ ಎಂದಾರು. ಸತ್ತವರು ಬಂದು ಸಮಜಾಯಿಷಿ ಕೊಡಲಾರರು. ಹೇಳದಿದ್ದರೆ, ತಿನ್ನದ ಗುಳಿಗೆ ತಿಂದಂತೆ ಲೆಕ್ಕವಾಗಿ, ಎಲ್ಲಿಯೋ ಇರುವ ಗುರುತಿಲ್ಲದವರೊಬ್ಬರಿಗೆ ಅದೇ ಲೆಕ್ಕದ ಮೇಲೆ ಔಷಧಿ ಕೊಟ್ಟಾರು. ನಮ್ಮವರ ಹೆಸರು ನನ್ನದು, ಹೋದರೆ ಹೋಗಲಿ. ಆ ಗುರುತಿಲ್ಲದವರ ಜೀವ ಪಣಕ್ಕಿಡಲು ನನ್ನದಲ್ಲ.

ಆಸ್ಪತ್ರೆಯವರ ಮುಂದಿನ ಸಭೆಗೆ ಡಬ್ಬಿ ಒಯ್ದು, ಮೇಜಿನ ಮೇಲೆ ತೆರೆದಿಟ್ಟು, ಇದ್ದದ್ದನ್ನು ಹೇಳಿದೆ. ಆಗ ಮೇಲಿನ ಮಾಳಿಗೆಯ ಕಸ್ತೂರಕ್ಕ ಗಂಟಲು ಸರಿಮಾಡಿಕೊಂಡಳು.

"ಅಯ್ಯ, ನನ್ನ ಶನಿವಾರದ ಗುಳಿಗಿ ಅಕ್ಕಿ ಡಬ್ಬ್ಯಾಗ ಅದಾವು! ನಿಮ್ಮ ಯಜಮಾನ್ರ ಒಬ್ರ ಕಳ್ಳರಲ್ಲ ತಗೋರಿ."

ಜನ ನಕ್ಕರು. ಹಿಂದಿನಿಂದ ಇನ್ನೂ ನಾಲ್ಕು ಕೈ ಎದ್ದವು. ಮರಾಠಿ ಬೆರೆತ ಅರೆಬರೆ ಕನ್ನಡದ ಸ್ನೇಹಲ್ ಪೆನ್ನು ಹಿಡಿದುಕೊಂಡೇ ಕಸ್ತೂರಕ್ಕನನ್ನು ಕೇಳಿದಳು: "ಕಾಕು, ಮೊದಲು ಯಾಕ್ ಹೇಳಿಲ್ಲ ತುಮ್ಹಿ?"

"ನೀ ಎಲ್ಲಿ ಕೇಳಿದಿ ನಮ್ಮವ್ವ? ದಿನಾ ತಗೊಂಡ್ರಿ ಅಲಾ ಅಂತ ನಗತಿದ್ದಿ. ಇಲ್ಲ ಅನ್ನಾಕ ಬಾಯಿ ಹೆಂಗ ಬರಬೇಕು?"

ಸ್ನೇಹಲ್ ಅದನ್ನೂ ಬರೆದುಕೊಂಡಳು. ಹಳೆಯ ಗುರುತು ಅಳಿಸುವುದಿಲ್ಲ, ಪಕ್ಕದಲ್ಲಿ ನಿಜವನ್ನು ಬರೆದಿಡುತ್ತೇವೆ ಎಂದರು ಡಾಕ್ಟರು. ಮನೆಮನೆಗೆ ಹೋಗಿ ಉಪವಾಸದ ದಿನಗಳನ್ನು ಕೇಳಿ ಬರುವವರು ಯಾರು ಎಂದಾಗ ಎಲ್ಲರೂ ರೂಢಿಯಂತೆ ನನ್ನ ಪಕ್ಕದ ಕುರ್ಚಿಯತ್ತ ನೋಡಿದರು. ಅಲ್ಲಿ ಯಾರೂ ಇರಲಿಲ್ಲ.

ಈಗ ನಾನು ಹೋಗುತ್ತೇನೆ. ತಗೊಂಡಿರೇನು ಎಂದು ಕೇಳುವುದಿಲ್ಲ. "ಎಷ್ಟು ದಿನ ತಪ್ಪೈತ್ರಿ?" ಎಂದೇ ಶುರುಮಾಡುತ್ತೇನೆ. ಹಾಗೆ ಕೇಳಿದರೆ ಜನ ಸಲೀಸಾಗಿ ಹೇಳುತ್ತಾರೆ. ಮೂವತ್ತೈದು ವರ್ಷ ಜೊತೆಗಿದ್ದವರನ್ನು ನಾನು ಒಂದು ದಿನವೂ ಹಾಗೆ ಕೇಳಿರಲಿಲ್ಲ.