ಎರಡು ಎಂ.ಡಿ.

ಇಪ್ಪತ್ತು ವರ್ಷದ ಹಿಂದೆ ನ್ಯೂಜಿಲೆಂಡಿನ ನೆಲ್ಸನ್ನಿನಲ್ಲಿ ಸೇಬು ಕೀಳುವ ಕೆಲಸ ಮುಗಿದಾಗ, ಹಳೇ ಯಂತ್ರಗಳ ಪುಟ್ಟ ಮ್ಯೂಸಿಯಂ ಒಂದರಲ್ಲಿ ಗೈಡ್ ಬೇಕು ಅಂತ ಗೊತ್ತಾಯಿತು. ಹೋದೆ. "ಬಂದವರಿಗೆ ಒಂದು ಯಂತ್ರ ತೋರಿಸಿ ಮಾತಾಡು. ಹಿಡಿಸಿದರೆ ಕೆಲಸ ನಿನ್ನದು" ಅಂದ, ನಡೆಸುತ್ತಿದ್ದ ಮುದುಕ.

ಸಿಕ್ಕಿದ್ದು ಅಮೆರಿಕದ ಹಳೇ ಪಂಪು. ಅದರ ಮೇಲೆ ತಯಾರಿಸಿದವನ ಹೆಸರು, ಹೆಸರಿನ ಮುಂದೆ ಎಂ.ಡಿ. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವನಾದರೂ ಅಷ್ಟೂ ತಿಳಿಯದೇ? "ಈತ ಕಂಪನಿಯ ಮ್ಯಾನೇಜಿಂಗ್ ಡೈರೆಕ್ಟರ್" ಎಂದು ಗಟ್ಟಿಯಾಗಿ ಇಂಗ್ಲಿಷಿನಲ್ಲಿ ಹೇಳಿಬಿಟ್ಟೆ.

ಗುಂಪಿನಲ್ಲಿದ್ದ, ಬಾಗಿಲಲ್ಲೇ ನನ್ನ ಊರು ಕೇಳಿ ಪರಿಚಯ ಮಾಡಿಕೊಂಡಿದ್ದ ಮೈಸೂರಿನ ಆಂಟಿಯೊಬ್ಬರು ಕನ್ನಡದಲ್ಲೇ ನಕ್ಕರು. "ಎಂ.ಡಿ. ಅಂದ್ರೆ ಡಾಕ್ಟ್ರು ಕಣಪ್ಪ! ನಾನೂ ಅದೇ ಓದಿರೋದು. ಗೋಡೆ ಮೇಲಿನ ಬೋರ್ಡಲ್ಲಿ ಬರೆದಿದಾರೆ ನೋಡು. ಡಾಕ್ಟರಿಕೆ ಬಿಟ್ಟು ಕಾರ್ಖಾನೆ ಹಾಕಿದ್ರಂತೆ, ಲಾಭದಲ್ಲಿ ತಮ್ಮೂರಿಗೊಂದು ಆಸ್ಪತ್ರೆ ಕಟ್ಟಿಸಿದ್ರಂತೆ."

ಮುದುಕ ಹುಬ್ಬೇರಿಸಿ, "ಏನಂತೆ ಇವರು?" ಅಂದ.

"ಈತ ಮೊದಲು ಇವರ ಥರದ ಎಂ.ಡಿ., ಆಮೇಲೆ ನಾನು ಹೇಳಿದ ಎಂ.ಡಿ. ಅಂತಿದ್ದಾರೆ" ಅಂದೆ.

"ಭಂಡ! ನಾನೆಲ್ಲೋ ಹಾಗಂದೆ?" ಅಂದರು ಆಂಟಿ.

ಮುದುಕ ಹೊಟ್ಟೆ ಹಿಡಿದು ನಕ್ಕ. "ಸೋಮವಾರದಿಂದ ಬಾ. ಮೊದಲು ಬೋರ್ಡು ಓದು" ಅಂದ.

ಆ ಡಾಕ್ಟರು ಓದಿದ್ದನ್ನು ಬಿಟ್ಟು ದೊಡ್ಡವರಾದರು. ನಾನು ಓದದೇ ಕೆಲಸ ಗಿಟ್ಟಿಸಿದೆ.